ಓನರಿನ ಅಗ್ಗಿಷ್ಟಿಕೆ, ಬಾಡಿಗೆಯವರ ಹಜಾರ



ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದ ಮಗಳೋ ಅಳಿಯನೋ ಅಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ. ವಿಡಿಯೋ ಕರೆ ಮಾಡಿ ಊರಿನವರಿಗೆ ಮನೆ ತೋರಿಸುತ್ತಾರೆ. ಅಡುಗೆಮನೆ ಆಯಿತು, ಮಲಗುವ ಕೋಣೆ ಆಯಿತು. ಹಜಾರಕ್ಕೆ ಬಂದಾಗ ಮಾತ್ರ ಫೋನು ಬೇಗನೆ ಪಕ್ಕಕ್ಕೆ ಹೊರಳುತ್ತದೆ. ಅಲ್ಲೊಂದು ಹಳೇ ಅಗ್ಗಿಷ್ಟಿಕೆ ಇದೆ. ಅದರಲ್ಲಿ ಬೆಂಕಿಯೂ ಇಲ್ಲ, ಅಂದವೂ ಇಲ್ಲ. ಕೀಳೋಣವೆಂದರೆ ಮನೆ ತಮ್ಮದಲ್ಲ.

ಇಂಗ್ಲೆಂಡಿನಲ್ಲಿ ಐದು ಸಂಸಾರಗಳಲ್ಲಿ ಸುಮಾರು ಒಂದು ಖಾಸಗಿ ಮಾಲೀಕರ ಬಾಡಿಗೆ ಮನೆಯಲ್ಲಿದೆ. ಅಲ್ಲಿನ ಮನೆಗಳಲ್ಲಿ ಹಳೆಯವೇ ಬಹಳ. ಹಾಗಾಗಿ ಇದು ನಮ್ಮವರಿಗಷ್ಟೇ ಬಂದ ಪೇಚಲ್ಲ. ಇವತ್ತಿನ ಮಾತೆಲ್ಲ ಇದೊಂದರ ಬಗ್ಗೆಯೇ: ಮೊಳೆ ಹೊಡೆಯದೆ, ಗೋಡೆ ಕೊರೆಯದೆ, ಚೆನ್ನಾಗಿಲ್ಲದ ಅಗ್ಗಿಷ್ಟಿಕೆಯ ಸುತ್ತ ಕೋಣೆಯನ್ನು ಅಂದಗೊಳಿಸುವುದು ಹೇಗೆ?

ಅಗ್ಗಿಷ್ಟಿಕೆಯನ್ನು ಹತ್ತಿರದಿಂದ ನೋಡದವರಿಗಾಗಿ ಎರಡು ಮಾತು. ಬೆಂಗಳೂರು ದಂಡಿನ ಹಳೇ ಬಂಗಲೆಗಳಲ್ಲಿ, ಕೊಡಗು ಚಿಕ್ಕಮಗಳೂರಿನ ಕಾಫಿ ತೋಟದ ಬಂಗಲೆಗಳಲ್ಲಿ ಇದನ್ನು ಕಂಡವರಿದ್ದಾರೆ. ಹಜಾರದ ಒಂದು ಗೋಡೆಯ ನಡುಭಾಗ ಒಂದಡಿಯಷ್ಟು ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರೊಳಗೆ ಹೊಗೆ ಹೋಗುವ ಚಿಮಣಿ. ಕೆಳಗೆ ಒಲೆಯ ಬಾಯಿ. ಬಾಯಿಯ ಸುತ್ತ ಕಲ್ಲು, ಮರ ಇಲ್ಲವೇ ಟೈಲಿನ ಚೌಕಟ್ಟು. ಚೌಕಟ್ಟಿನ ಮೇಲೆ, ಎದೆಮಟ್ಟಕ್ಕೆ, ಒಂದು ಹಲಗೆ. ಮುಂದಕ್ಕೆ ಚಾಚಿದ ಗೋಡೆಯ ಎಡಕ್ಕೆ ಬಲಕ್ಕೆ ಒಂದೊಂದು ಗೂಡಿನಂಥ ಮೂಲೆ. ಈ ಬಾಯಿ, ಹಲಗೆ, ಗೋಡೆ, ಮೂಲೆಗಳು ನೆನಪಿರಲಿ. ಮಾತು ಮತ್ತೆ ಮತ್ತೆ ಇವಕ್ಕೇ ಬರುತ್ತದೆ.

ಮೊದಲಿಗೆ, ಈ ಅಗ್ಗಿಷ್ಟಿಕೆ ಹೀಗೇಕಾಯಿತು?

ಕಲ್ಲಿದ್ದಲು ಉರಿಸುತ್ತಿದ್ದ ಕಾಲದಲ್ಲಿ ಮನೆಗೆಲ್ಲ ಅದೇ ಆಧಾರ. ಕುರ್ಚಿಗಳೆಲ್ಲ ಅದರತ್ತಲೇ ಮುಖ ಮಾಡುತ್ತಿದ್ದವು. 1920ರಿಂದ 1950ರವರೆಗೆ ಲಂಡನ್ನಿನಂಥ ನಗರಗಳ ಹೊರವಲಯದಲ್ಲಿ ಲಕ್ಷಗಟ್ಟಲೆ ಮನೆಗಳೆದ್ದವು. ಅವುಗಳಿಗಾಗಿ ಕಾರ್ಖಾನೆಯಲ್ಲೇ ಟೈಲು ಅಂಟಿಸಿ, ಅಗ್ಗಿಷ್ಟಿಕೆಯ ಚೌಕಟ್ಟನ್ನು ಇಡಿಯಾಗಿ ತಯಾರಿಸಿ ಕಳಿಸುತ್ತಿದ್ದರು. ಎರಡೂ ಬದಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆಕಾರ. ಹಾಲು ಹೆಚ್ಚಾದ ಚಹಾದ ಬಣ್ಣ. ಅಲ್ಲಲ್ಲಿ ಕಂದು ಚುಕ್ಕೆ. ಟೈಲಿನ ಮೇಲೆ ಕೂದಲೆಳೆಯಂಥ ಬಿರುಕು. ಇಂದಿಗೂ ಬಾಡಿಗೆ ಮನೆಗಳಲ್ಲಿ ಇದು ಎದುರಾಗುವುದುಂಟು.

ಆಮೇಲೆ ಬಂತು 1952ರ ಡಿಸೆಂಬರ್. ಲಂಡನ್ನಿನ ಮೇಲೆ ಐದು ದಿನ ದಟ್ಟ ಹೊಗೆಮಂಜು ಕವಿಯಿತು. ಮನೆಮನೆಯ ಕಲ್ಲಿದ್ದಲು ಹೊಗೆಗೂ ಅದರಲ್ಲಿ ದೊಡ್ಡ ಪಾಲಿತ್ತು. ಸುಮಾರು 4,000 ಜನ ಸತ್ತರೆಂದು ಆಗ ಅಂದಾಜಾಯಿತು. ಸಂಖ್ಯೆ 12,000ದಷ್ಟಿರಬಹುದು ಎಂದಿತು ನಂತರದ ಲೆಕ್ಕ. 1956ರಲ್ಲಿ ಶುದ್ಧ ಗಾಳಿ ಕಾಯಿದೆ ಬಂತು. ಹೊಗೆ ನಿಷೇಧಿಸಿದ ಬಡಾವಣೆಗಳಲ್ಲಿ ಒಲೆ ಬದಲಿಸಿಕೊಳ್ಳಲು ಸರ್ಕಾರವೇ ಸಹಾಯಧನ ಕೊಟ್ಟಿತು. ಹಳೇ ಟೈಲುಗಳ ಮುಂದೆ ಗ್ಯಾಸಿನ ಹೀಟರ್ ಬಂದು ಕೂತಿತು. ಇನ್ನು ಕೆಲವೆಡೆ ಕರೆಂಟಿನ ಹೀಟರ್. ಅದರಲ್ಲಿ ಪ್ಲಾಸ್ಟಿಕ್ಕಿನ ಕೆಂಡ, ಕೆಂಡದ ಕೆಳಗೆ ಕೆಂಪು ಬಲ್ಬು.

ಅದೇ ಹೊತ್ತಿಗೆ ಟಿ.ವಿ.ಯಲ್ಲಿ ಬ್ಯಾರಿ ಬಕ್‌ನೆಲ್ ಎಂಬಾತ ಮನೆಮಾತಾದ. ಮನೆ ರಿಪೇರಿಯನ್ನು ನೀವೇ ಮಾಡಿಕೊಳ್ಳಿ ಎಂದು ಬಿ.ಬಿ.ಸಿ.ಯಲ್ಲಿ ಕಲಿಸುತ್ತಿದ್ದವ. ಕೆತ್ತನೆಯ ಬಾಗಿಲಿರಲಿ, ಹಳೇ ಅಗ್ಗಿಷ್ಟಿಕೆಯಿರಲಿ, ಹಾರ್ಡ್‌ಬೋರ್ಡ್ ಬಡಿದು ಸಪಾಟು ಮಾಡುವುದು ಆಗಿನ ಶೋಕಿ. 1970ರ ದಶಕದಲ್ಲಿ ಶೋಕಿ ಮತ್ತೆ ಬದಲಾಯಿತು. ಒರಟು ಕಲ್ಲಿನ ಚಪ್ಪಡಿಗಳನ್ನು ಗೋಡೆಯುದ್ದಕ್ಕೂ ಜೋಡಿಸಿ, ಟಿ.ವಿ. ಇಡಲು ಪಕ್ಕದಲ್ಲೊಂದು ಕಟ್ಟೆ ಕಟ್ಟುವುದು ಬಂತು. ಜೊತೆಗೆ ಮನೆಯಿಡೀ ಬಿಸಿ ಮಾಡುವ ಕೊಳವೆ ವ್ಯವಸ್ಥೆ ಹಬ್ಬಿತು. 1970ರ ಸುಮಾರಿಗೆ ಮೂರರಲ್ಲಿ ಒಂದು ಮನೆಗಷ್ಟೇ ಆ ಅನುಕೂಲವಿತ್ತು. ಈಗ ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ಇದೆ. ಅಗ್ಗಿಷ್ಟಿಕೆಯ ಕೆಲಸ ಹೋಯಿತು, ಜಾಗ ಹೋಗಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಒಂದು ಕಾಲದವರು ಕಿತ್ತೆಸೆದದ್ದನ್ನು ಮುಂದಿನವರು ಹುಡುಕಿಕೊಂಡು ಹೋದರು. ಹತ್ತೊಂಬತ್ತನೇ ಶತಮಾನದ ಎರಕದ ಕಬ್ಬಿಣದ ಅಗ್ಗಿಷ್ಟಿಕೆಗಳನ್ನು 1960ರ ದಶಕದಲ್ಲಿ ಕಸದ ತೊಟ್ಟಿಗೆ ಹಾಕಿದರು. ಇಪ್ಪತ್ತು ವರ್ಷ ಕಳೆದ ಮೇಲೆ ಅಂಥವೇ ಹಳೇ ಸಾಮಾನಿನ ಅಂಗಡಿಗಳಲ್ಲಿ ಒಳ್ಳೇ ಬೆಲೆಗೆ ಹೋದವು. ಚಹಾ ಬಣ್ಣದ ಟೈಲಿನವನ್ನೂ ಈಗ ಮೆಚ್ಚಿ ಕೊಳ್ಳುವವರಿದ್ದಾರೆ. ಓನರು ಅದನ್ನು ಮುಟ್ಟಬೇಡಿ ಎಂದರೆ ಅದಕ್ಕೂ ಒಂದು ಕಾರಣವಿರುತ್ತದೆ.

ಇಲ್ಲಿಯವರೆಗೆ ಕೇಳಿದ್ದು ಇಷ್ಟು: ಕಲ್ಲಿದ್ದಲು ಹೋಯಿತು, ಗ್ಯಾಸು ಬಂತು, ಕೊಳವೆ ಬಂತು, ಒಂದರ ಮೇಲೊಂದು ಶೋಕಿ ಬಂದು ಕೂತು ಅಗ್ಗಿಷ್ಟಿಕೆ ಅಂದಗೆಟ್ಟಿತು. ಇನ್ನು ಎರಡನೇ ವಿಷಯ. ಬಾಡಿಗೆದಾರರಿಗೆ ಏನು ಮಾಡಲು ಅವಕಾಶವಿದೆ, ಏನು ಮಾಡಲು ಇಲ್ಲ?

ಮೊದಲು ದುಡ್ಡಿನ ಮಾತು. 2019ರ ಕಾಯಿದೆಯ ಪ್ರಕಾರ ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಹತ್ತು ತಿಂಗಳ ಅಡ್ವಾನ್ಸು ಕೊಟ್ಟು ರೂಢಿಯಾದ ಬೆಂಗಳೂರಿನವರಿಗೆ ಇದು ಚಿಲ್ಲರೆ ಎನಿಸೀತು. ಆದರೆ ಪೌಂಡಿನಲ್ಲಿ ಎಣಿಸಿದಾಗ ಅದೂ ಭಾರವೇ. ಆ ಹಣವನ್ನು ಮಾಲೀಕರು ತಮ್ಮಿಷ್ಟದಂತೆ ಇಟ್ಟುಕೊಳ್ಳುವಂತಿಲ್ಲ. ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದರಲ್ಲಿ 30 ದಿನದೊಳಗೆ ಅದನ್ನು ದಾಖಲಿಸಬೇಕು. ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆಂದು ಸುಮ್ಮನೆ ಒಂದು ತಿಂಗಳದ್ದು ಹಿಡಿದುಕೊಳ್ಳುವ ಪದ್ಧತಿ ಅಲ್ಲಿಲ್ಲ. ಹಾಳಾಗಿದೆ ಎನ್ನುವ ಮಾಲೀಕರು ಅದಕ್ಕೆ ಪುರಾವೆ ಕೊಡಬೇಕು. ಬಳಕೆಯಿಂದ ಸಹಜವಾಗಿ ಸವೆದದ್ದಕ್ಕೆ ದುಡ್ಡು ಮುರಿಯುವಂತಿಲ್ಲ.

ಆದರೆ ಟೈಲಿಗೆ ಬಣ್ಣ ಬಳಿಯುವುದು ಸಹಜ ಸವೆತವಲ್ಲ. ಟೈಲಿನ ಬಣ್ಣ ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಬಳಿಯಲೇಬೇಕೆಂದರೆ ಮೊದಲು ಕೇಳಬೇಕು, ಬರವಣಿಗೆಯಲ್ಲೇ ಕೇಳಬೇಕು. ಯಾವ ಬಣ್ಣ, ಎಲ್ಲೆಲ್ಲಿ, ಬಿಟ್ಟು ಹೋಗುವಾಗ ಏನು ಮಾಡುವುದು, ಇಷ್ಟನ್ನೂ ಒಂದು ಇ-ಮೇಲಿನಲ್ಲಿ ಬರೆದು ಉತ್ತರ ಇಟ್ಟುಕೊಂಡರೆ ಮುಂದೆ ಜಗಳವಿಲ್ಲ. ಮನೆಗೆ ಬಂದ ದಿನವೇ ಒಡೆದ ಟೈಲು, ಮಸಿ ಕಲೆ, ಹಳೇ ಮೊಳೆ ತೂತು ಎಲ್ಲದರ ಫೋಟೋ ತೆಗೆದಿಡುವುದೂ ಒಳ್ಳೆಯದು. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದ ಮನೆಯಾದರೆ ವಿಷಯವೇ ಬೇರೆ. ಅಲ್ಲಿ ಒಳಗಿನ ಅಗ್ಗಿಷ್ಟಿಕೆಗೂ ರಕ್ಷಣೆಯುಂಟು. ಮಾಲೀಕರೇ ಆದರೂ ಅನುಮತಿಯಿಲ್ಲದೆ ಕಿತ್ತರೆ ಅಪರಾಧ.

ದುಡ್ಡಿಗಿಂತ ದೊಡ್ಡದು ಪ್ರಾಣ. ಒಂದು ಹಳೇ ಘಟನೆ ಕೇಳಿ. 1662ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಒಲೆ ತೆರಿಗೆ ಹಾಕಿದ. ಒಂದೊಂದು ಒಲೆಗೂ ವರ್ಷಕ್ಕೆ ಎರಡು ಷಿಲ್ಲಿಂಗ್. ತೆರಿಗೆ ತಪ್ಪಿಸಲು ಜನ ಒಲೆಗಳನ್ನೇ ಮುಚ್ಚಿದರು. ಆಕ್ಸ್‌ಫರ್ಡ್‌ಷೈರಿನ ಚರ್ಚಿಲ್ ಎಂಬ ಹಳ್ಳಿಯಲ್ಲಿ ರೊಟ್ಟಿ ಸುಡುವ ಹೆಂಗಸೊಬ್ಬಳು ಇನ್ನೂ ಮುಂದೆ ಹೋದಳು. ತನ್ನ ಒಲೆಯಿಂದ ಗೋಡೆ ಕೊರೆದು ನೆರೆಮನೆಯ ಚಿಮಣಿಗೆ ಹೊಗೆ ಬಿಟ್ಟಳು. 1684ರಲ್ಲಿ ಅದರಿಂದ ಬೆಂಕಿ ಹೊತ್ತಿ ಸುಮಾರು 20 ಮನೆ ಸುಟ್ಟವು, ನಾಲ್ವರು ಸತ್ತರು. 1689ರಲ್ಲಿ ತೆರಿಗೆ ರದ್ದಾಯಿತು. ಚಿಮಣಿಯ ದಾರಿ ತಿಳಿಯದೆ ಕೈ ಹಾಕಿದರೆ ಅಪಾಯವೆಂಬುದು ಇವತ್ತಿಗೂ ಹಾಗೇ ಇದೆ.

ಇಂದಿನ ಅಪಾಯಗಳು ಮೂರು. ಒಂದು, ಗ್ಯಾಸಿನ ಹೀಟರ್. ಅದು ಕೆಲಸ ಮಾಡುತ್ತಿದ್ದರೆ ಅದರ ಬಾಯಿಗೆ ಅಡ್ಡ ಏನನ್ನೂ ಇಡಬಾರದು. ಗೋಡೆಯ ಗಾಳಿ ಜಾಲರಿಯನ್ನು ಚಳಿಯೆಂದು ಮುಚ್ಚಲೇಬಾರದು. ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಕೋಣೆಯಲ್ಲೇ ಸುಳಿದಾಡೀತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಾಲೀಕರು ವರ್ಷಕ್ಕೊಮ್ಮೆ ನೋಂದಾಯಿತ ಎಂಜಿನಿಯರಿಂದ ಗ್ಯಾಸ್ ತಪಾಸಣೆ ಮಾಡಿಸಿ ಅದರ ಪ್ರತಿಯನ್ನು ಬಾಡಿಗೆದಾರರಿಗೆ ಕೊಡಬೇಕು. ಇಂಥ ಹೀಟರ್ ಇರುವ ಕೋಣೆಯಲ್ಲಿ ಮಾನಾಕ್ಸೈಡ್ ಅಲಾರಂ ಇರಬೇಕೆಂದು 2022ರಿಂದ ನಿಯಮವಿದೆ. ಇಲ್ಲದಿದ್ದರೆ ಧಾರಾಳವಾಗಿ ಕೇಳಬಹುದು.

ಎರಡು, ಒಲೆಯ ಬಾಯಿಗೆ ಹಿಂದೆಂದೋ ಬಡಿದ ಹಲಗೆ. ಅದು ಬರೀ ಹಾರ್ಡ್‌ಬೋರ್ಡ್ ಆಗಿರಬಹುದು, ಕಲ್ನಾರಿನದೂ ಆಗಿರಬಹುದು. ಬ್ರಿಟನ್ನು ಕಲ್ನಾರನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಆದ್ದರಿಂದ ಅಂಥ ಹಲಗೆಯನ್ನು ಕೊರೆಯುವುದು, ಒಡೆಯುವುದು ಬೇಡ. ಮೂರು, ಹಳೇ ಬಣ್ಣ. ಪದರ ಪದರವಾಗಿ ಬಳಿದ ಹಳೇ ಬಣ್ಣದಲ್ಲಿ ಸೀಸವಿರಬಹುದು. ಉಪ್ಪುಕಾಗದ ಹಾಕಿ ಉಜ್ಜಿದರೆ ಆ ಪುಡಿ ಮನೆಮಂದಿಯ ಉಸಿರಿಗೆ ಹೋಗುತ್ತದೆ. ಚಿಕ್ಕ ಮಕ್ಕಳಿಗೆ ಅದರಿಂದ ಕೇಡು ಹೆಚ್ಚು.

ಎರಡನೇ ವಿಷಯವನ್ನು ಹೀಗೆ ಕಟ್ಟಿಡಬಹುದು: ಬಣ್ಣಕ್ಕೆ ಅನುಮತಿ, ಗ್ಯಾಸಿಗೆ ಗಾಳಿ, ಹಳೇ ಹಲಗೆಗೆ ಕೈ ಹಚ್ಚಬೇಡಿ. ಇಷ್ಟರೊಳಗೆ ಮಾಡಬಹುದಾದ್ದು ಏನು? ಬಹಳ ಇದೆ. ಎಲ್ಲಕ್ಕೂ ಒಂದೇ ಅಳತೆಗೋಲು: ಖಾಲಿ ಮಾಡುವ ದಿನ ಗಾಡಿಗೆ ಹೇರಿಕೊಂಡು ಹೋಗುವಂತಿರಬೇಕು.

ಮೊದಲು ಒಲೆಯ ಬಾಯಿ. ಗ್ಯಾಸು ಇಲ್ಲ, ಬೆಂಕಿ ಇಲ್ಲ, ಬರೀ ಕಪ್ಪು ಗವಿ ಎಂದಿಟ್ಟುಕೊಳ್ಳೋಣ. ಯುರೋಪಿನವರಿಗೆ ಈ ತೊಂದರೆ ಪ್ರತಿ ಬೇಸಿಗೆಯಲ್ಲೂ ಇತ್ತು. ಬೆಂಕಿಯಿಲ್ಲದ ಬಾಯಿಯನ್ನು ನೋಡಲಾರದೆ ಹದಿನೆಂಟನೇ ಶತಮಾನದಲ್ಲಿ ಅದಕ್ಕೆ ಚಿತ್ರ ಬರೆದ ಹಲಗೆಯನ್ನು ಅಡ್ಡ ನಿಲ್ಲಿಸುತ್ತಿದ್ದರು. ಹೂದಾನಿಯ ಚಿತ್ರವೇ ಹೆಚ್ಚು. ಒಲೆಯೊಳಗೆ ನಿಜವಾಗಿ ಹೂವು ಇಟ್ಟಂತೆ ಕಾಣಬೇಕು. ಫ್ರಾನ್ಸಿನ ಹೆಸರಾಂತ ಚಿತ್ರಕಾರ ಶಾರ್ದಾಂ 1730ರ ದಶಕದ ಆರಂಭದಲ್ಲಿ ಬರೆದ ಒಂದು ಚಿತ್ರ ಷಿಕಾಗೋ ಕಲಾ ಸಂಗ್ರಹಾಲಯದಲ್ಲಿದೆ. ಬಿಳಿ ಬಟ್ಟೆ ಹಾಸಿದ ಮೇಜು, ಮೇಲೆ ಬ್ರೆಡ್ಡು, ವೈನಿನ ಲೋಟ. ಅದನ್ನೂ ಒಲೆಯ ಬಾಯಿಗೆ ಅಡ್ಡವಿಡಲೆಂದೇ ಬರೆದಿರಬೇಕೆಂದು ತಿಳಿದವರ ಅಭಿಪ್ರಾಯ.

ಬಾಡಿಗೆದಾರರಿಗೆ ಇದಕ್ಕಿಂತ ಒಳ್ಳೇ ಉಪಾಯವಿಲ್ಲ. ತೆಳು ಪ್ಲೈವುಡ್ಡಿನ ಒಂದು ತುಂಡು ಸಾಕು. ಬಾಯಿಯ ಅಳತೆಗೆ ಕತ್ತರಿಸಿ, ಹಿಂದೆ ನಿಲ್ಲಲು ಒಂದು ಕಾಲು ಕೊಡಿಸಬೇಕು. ಮುಂದೆ ಇಳಕಲ್ ಸೀರೆಯ ಸೆರಗಿನ ತುಂಡನ್ನು ಬಿಗಿಯಬಹುದು, ಮಕ್ಕಳಿಂದ ಚಿತ್ರ ಬರೆಸಬಹುದು. ಮೇಲೆ ಕೆಳಗೆ ಒಂದೊಂದು ಬೆರಳಿನಷ್ಟು ಸಂದು ಬಿಡಬೇಕು. ಚಿಮಣಿಯಲ್ಲಿ ಗಾಳಿ ಆಡದಿದ್ದರೆ ಒಳಗೆ ತೇವ ಹಿಡಿದು, ಗೋಡೆಯ ಮೇಲೆ ಕಂದು ಕಲೆ ಏಳುತ್ತದೆ.

ಚಿಮಣಿಯಿಂದ ಚಳಿಗಾಳಿ ಸುರಿಯುತ್ತಿದ್ದರೆ ಅದಕ್ಕೆಂದೇ ಗಾಳಿ ತುಂಬುವ ಬಲೂನು ಸಿಗುತ್ತದೆ. ಚಿಮಣಿಯೊಳಗೆ ತೂರಿಸಿ ಊದಿದರೆ ಅಲ್ಲೇ ಕಚ್ಚಿ ನಿಲ್ಲುತ್ತದೆ. ಹಾಕಿದವರು ಮಾಲೀಕರಿಗೆ ತಿಳಿಸಬೇಕು. ಒಲೆಯ ಬಾಯಲ್ಲೊಂದು ಚೀಟಿಯನ್ನೂ ತೂಗುಬಿಡಬೇಕು. ಮುಂದೆ ಯಾರೋ ತಿಳಿಯದೆ ಬೆಂಕಿ ಹಾಕಬಾರದಲ್ಲ. ಗ್ಯಾಸ್ ಹೀಟರಿನ ಚಿಮಣಿಗೆ ಮಾತ್ರ ಇದು ಸಲ್ಲದು.

ಒಲೆಯ ಬಾಯಲ್ಲಿ ಪುಸ್ತಕ ಜೋಡಿಸುವುದನ್ನು ಪತ್ರಿಕೆಗಳ ಚಿತ್ರಗಳಲ್ಲಿ ನೋಡುತ್ತೇವೆ. ಚಿತ್ರಕ್ಕೆ ಚೆನ್ನ. ಮೇಲಿಂದ ಮಸಿ ಉದುರಿದರೆ, ತೇವ ಇಳಿದರೆ ಪುಸ್ತಕ ಕೆಟ್ಟಿತು. ಒಣ ಸೌದೆಯನ್ನು ಕೊಯ್ದ ಮುಖ ಹೊರಗೆ ಬರುವಂತೆ ಒಟ್ಟಿದರೆ ಆ ಚಿಂತೆಯಿಲ್ಲ.

ಬಾಯಿಯ ಮಾತಾಯಿತು. ಈಗ ಅದರ ಮೇಲಿನ ಹಲಗೆ. ಇಲ್ಲಿ ಹೆಚ್ಚಿನವರು ಮಾಡುವುದೇನು? ಫೋಟೋ, ಗಡಿಯಾರ, ಪ್ರವಾಸದಿಂದ ತಂದ ಗೊಂಬೆ, ಮೇಣದಬತ್ತಿ ಎಲ್ಲವನ್ನೂ ಸಾಲಾಗಿ ಇಡುವುದು. ಚಿಕ್ಕ ಸಾಮಾನು ಹೆಚ್ಚಾದಷ್ಟೂ ಕಣ್ಣು ಅಲ್ಲೇ ಸುತ್ತುತ್ತದೆ. ಸುತ್ತುತ್ತಾ ಕೆಳಗಿನ ಟೈಲಿಗೂ ಇಳಿಯುತ್ತದೆ. ಅದರ ಬದಲು ಒಂದೇ ಒಂದು ದೊಡ್ಡ ಕನ್ನಡಿಯನ್ನೋ ದೊಡ್ಡ ಚಿತ್ರವನ್ನೋ ಹಲಗೆಯ ಮೇಲೆ ಗೋಡೆಗೆ ಒರಗಿಸಿದರೆ ನೋಟ ಮೇಲಕ್ಕೆ ಏರುತ್ತದೆ. ಹಲಗೆಯ ಉದ್ದದ ಮೂರರಲ್ಲಿ ಎರಡು ಪಾಲಾದರೂ ಅಗಲವಿರಬೇಕು. ಜಾರದಂತೆ ಕೆಳಗೆ ರಬ್ಬರಿನ ತುಂಡು ಇಡಬೇಕು. ಕನ್ನಡಿ ಎದುರಿನ ಕಿಟಕಿಯ ಬೆಳಕನ್ನು ಹಿಡಿಯುವಂತಿದ್ದರೆ ಇನ್ನೂ ಒಳ್ಳೆಯದು. ಇಂಗ್ಲೆಂಡಿನ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು.

ಹಲಗೆಯೇ ಚೆನ್ನಾಗಿಲ್ಲದಿದ್ದರೆ? ಅದಕ್ಕೂ ಹಳಬರ ಬಳಿ ಉತ್ತರವಿತ್ತು. ವಿಕ್ಟೋರಿಯಾ ರಾಣಿಯ ಕಾಲದ ಮನೆಗಳಲ್ಲಿ, 1870, 1880ರ ದಶಕಗಳಲ್ಲಿ, ಹಲಗೆಯ ಮೇಲೆ ಇನ್ನೊಂದು ಹಲಗೆ ಕೂರಿಸುತ್ತಿದ್ದರು. ಅದಕ್ಕೆ ಮಖಮಲ್ಲು ಸುತ್ತಿ, ಮುಂದೆ ಅಂಗೈಯಗಲ ಜಾಲರು ಇಳಿಬಿಡುತ್ತಿದ್ದರು. ಹಳೇ ಹಲಗೆಗಿಂತ ಒಂದಂಗುಲ ಉದ್ದ, ಒಂದಂಗುಲ ಅಗಲ ಹೆಚ್ಚಿಟ್ಟು ಮಾಡಿಸಿದರೆ ಮೊಳೆಯೇ ಬೇಡ, ತನ್ನ ತೂಕಕ್ಕೆ ಕೂರುತ್ತದೆ. ಕೆಳಗೆ ಬೆಂಕಿಯೋ ಹೀಟರೋ ಉರಿಯುವ ಮನೆಯಲ್ಲಿ ಮಾತ್ರ ಬಟ್ಟೆಯ ಸಹವಾಸ ಬೇಡ.

ಬಾಯಿ ಮುಚ್ಚಿತು, ಹಲಗೆ ಸರಿಹೋಯಿತು. ಉಳಿದದ್ದು ಗೋಡೆ ಮತ್ತು ಮೂಲೆ.

ಬಾಡಿಗೆ ಮನೆಯ ಗೋಡೆ ಸಾಮಾನ್ಯವಾಗಿ ಬಿಳಿ. ಬಿಳಿಯ ನಡುವೆ ಕಂದು ಟೈಲು ಎದ್ದು ಕಾಣದೆ ಇನ್ನೇನಾದೀತು? ಟೈಲನ್ನು ಬಿಳಿ ಮಾಡಲಾಗದಿದ್ದರೆ ಗೋಡೆಯನ್ನು ಟೈಲಿನತ್ತ ತರಬಹುದು. ಮಣ್ಣಿನ ಬಣ್ಣ, ಮರಳಿನ ಬಣ್ಣ, ಒಣಹುಲ್ಲಿನ ಬಣ್ಣದ ಬಟ್ಟೆಯನ್ನು ಹಲಗೆಯ ಮೇಲಿನ ಗೋಡೆಗೆ ತೂಗುಬಿಟ್ಟರೆ ಎರಡೂ ಒಂದರೊಳಗೊಂದು ಬೆರೆಯುತ್ತವೆ. ನೆಲಕ್ಕೆ ಹಾಸುವ ಜಮಖಾನದಲ್ಲೂ ಆ ಕಂದಿನ ಎಳೆಯೊಂದು ಇದ್ದರೆ, ಬೇಕೆಂದೇ ಹೊಂದಿಸಿದಂತೆ ಕಾಣುತ್ತದೆ. ನವಲಗುಂದದ ಜಮಖಾನ ಊರಿನಿಂದ ಒಯ್ದವರಿದ್ದರೆ ಕೆಂಪು, ಹಳದಿಗಳ ಜೋರಿನ ಮುಂದೆ ಟೈಲು ತಾನಾಗಿ ತಣ್ಣಗಾಗುತ್ತದೆ. ತೂಗುಹಾಕಲು ಅಂಟುಪಟ್ಟಿಯ ಕೊಕ್ಕೆ ಸಿಗುತ್ತವೆ. ಹೊಸ ಬಣ್ಣಕ್ಕೆ ಒಂದು ವಾರವಾದರೂ ಕಳೆದಿರಬೇಕು. ಗೋಡೆಗೆ ಕಾಗದ ಅಂಟಿಸಿದ್ದರೆ ಅವು ಬೇಡ, ಕೀಳುವಾಗ ಕಾಗದವೂ ಕಿತ್ತು ಬರುತ್ತದೆ.

ಇನ್ನು ಎಡಬಲದ ಮೂಲೆಗಳು. ಕೋಣೆಯ ನಿಜವಾದ ಸಂಪತ್ತು ಇವೇ. ಒಂದು ಮೂಲೆಯಲ್ಲಿ ಎತ್ತರದ ಪುಸ್ತಕದ ಕಪಾಟು, ಇನ್ನೊಂದರಲ್ಲಿ ಉದ್ದ ಕಾಲಿನ ದೀಪ. ಎರಡೂ ಅಗ್ಗಿಷ್ಟಿಕೆಗಿಂತ ಎತ್ತರವಿರಲಿ. ಆಗ ನಡುವಿನದು ತಗ್ಗಿದಂತೆ ಕಾಣುತ್ತದೆ. ಟಿ.ವಿ.ಯನ್ನೂ ಮೂಲೆಯಲ್ಲೇ ಇಡಬಹುದು. ಅಗ್ಗಿಷ್ಟಿಕೆಯ ಮೇಲೆ ತೂಗುಹಾಕಿದರೆ ಗೋಡೆಗೆ ತೂತು, ನೋಡುವವರಿಗೆ ಕತ್ತು ನೋವು. ಕುರ್ಚಿಗಳೂ ಅಗ್ಗಿಷ್ಟಿಕೆಗೇ ಮುಖ ಮಾಡಬೇಕೆಂಬ ಕಟ್ಟಳೆ ಬೆಂಕಿ ಆರಿದಾಗಲೇ ಮುಗಿಯಿತು. ಕಿಟಕಿಯತ್ತ ತಿರುಗಿಸಿದರೆ ಅರ್ಧ ಕೆಲಸವಾದಂತೆ.

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಯವರಿಗೆ ಈ ಜಾಗ ಹೇಳಿ ಮಾಡಿಸಿದಂಥದು. ಮುಂದಕ್ಕೆ ಚಾಚಿದ ಗೋಡೆ ಹಿನ್ನೆಲೆಯಾಗುತ್ತದೆ. ಮೆಟ್ಟಿಲುಗಳ ಸಾಲು ಅಗ್ಗಿಷ್ಟಿಕೆಯನ್ನು ಪೂರ್ತಿ ಮರೆಮಾಡುತ್ತದೆ. ಗ್ಯಾಸ್ ಹೀಟರ್ ಇದ್ದರೆ ಆ ಹತ್ತು ದಿನ ಅದನ್ನು ಹಚ್ಚಲೇಬಾರದು.

ಬಾಯಿ, ಹಲಗೆ, ಗೋಡೆ, ಮೂಲೆ. ನಾಲ್ಕೂ ಆದವು. ಕೊನೆಯದಾಗಿ, ಬಾಡಿಗೆಯವರು ಹಚ್ಚಿದ ಬಣ್ಣದಿಂದ ಹೆಸರಾದ ಒಂದು ಮನೆಯ ಕಥೆ.

ಇಂಗ್ಲೆಂಡಿನ ದಕ್ಷಿಣಕ್ಕೆ, ಸಸೆಕ್ಸ್ ಸೀಮೆಯಲ್ಲಿ ಚಾರ್ಲ್ಸ್‌ಟನ್ ಎಂಬ ತೋಟದ ಮನೆಯಿದೆ. ಲೇಖಕಿ ವರ್ಜೀನಿಯಾ ವುಲ್ಫ್ ಅವರ ಅಕ್ಕ, ಚಿತ್ರಕಲಾವಿದೆ ವನೆಸ್ಸಾ ಬೆಲ್, 1916ರಲ್ಲಿ ಅದನ್ನು ಬಾಡಿಗೆಗೆ ಹಿಡಿದರು. ಜೊತೆಗೆ ಕಲಾವಿದ ಡಂಕನ್ ಗ್ರಾಂಟ್. ಮೊದಲ ಮಹಾಯುದ್ಧದ ಕಾಲ. ಯುದ್ಧಕ್ಕೆ ಹೋಗಲೊಪ್ಪದ ಗ್ರಾಂಟ್ ಅದರ ಬದಲು ಹೊಲದ ಕೆಲಸ ಮಾಡಬೇಕಿತ್ತು. ಉಳಿದ ಹೊತ್ತಿನಲ್ಲಿ ಇಬ್ಬರೂ ಮನೆಗೆ ಬಣ್ಣ ಹಚ್ಚಿದರು. ಬಾಗಿಲು, ಕಪಾಟು, ಮೇಜು, ಅಗ್ಗಿಷ್ಟಿಕೆಯ ಚೌಕಟ್ಟು ಯಾವುದನ್ನೂ ಬಿಡಲಿಲ್ಲ. ವೃತ್ತ, ಹೂಕುಂಡ, ಹಣ್ಣು, ಮನುಷ್ಯಾಕೃತಿ ಎಲ್ಲ ಬಂದವು. ಮನೆ ಮಾತ್ರ ಜಮೀನ್ದಾರರದಾಗಿಯೇ ಇತ್ತು. ಗ್ರಾಂಟ್ 1978ರಲ್ಲಿ ತೀರಿಕೊಂಡರು. 1986ರಿಂದ ಆ ಮನೆ ಸಾರ್ವಜನಿಕರಿಗೆ ತೆರೆದಿದೆ.

ಅಗ್ಗಿಷ್ಟಿಕೆಗೆ ಹೀಗೆ ಬಣ್ಣ ಹಚ್ಚುವ ಸಲಿಗೆ ಇಂದಿನ ಬಾಡಿಗೆದಾರರಿಗೆ ಸಿಗಲಾರದು. ಅದೇ ಮನೆಯ ಇನ್ನೊಂದು ವಸ್ತು ಅವರಿಗೆ ಹೆಚ್ಚು ಹತ್ತಿರ. ಅದೊಂದು ಸೌದೆ ತುಂಬುವ ಮರದ ಪೆಟ್ಟಿಗೆ. ಅದರ ಬದಿಗಳ ಮೇಲೆ ಗ್ರಾಂಟ್ ವಾದ್ಯ ನುಡಿಸುವ, ಕುಣಿಯುವ ದೇವದೂತರನ್ನು ಬರೆದರು. ಪೆಟ್ಟಿಗೆ ಇರುವುದು ಒಲೆಯ ಪಕ್ಕದಲ್ಲಿ. ಕೋಣೆಗೆ ಬಂದವರ ಕಣ್ಣು ಮೊದಲು ಹೋಗುವುದು ಅದರತ್ತ. ಗೋಡೆಗೆ ಬಳಿದ ಬಣ್ಣ ಓನರಿನದು. ಪೆಟ್ಟಿಗೆಗೆ ಬಳಿದದ್ದು ಬಾಡಿಗೆಯವರದು.

ಪ್ಲೈವುಡ್ ಕತ್ತರಿಸಲು ಹೊರಟವರಿಗೆ ಒಂದು ಅಳತೆ ಹೇಳಿ ಮಾತು ಮುಗಿಸಬಹುದು. ಬ್ರಿಟನ್ನಿನ ಅಗ್ಗಿಷ್ಟಿಕೆಯ ಬಾಯಿಗೆ ಬಹಳ ಕಡೆ ಕಾಣುವ ಅಳತೆ 16 ಅಂಗುಲ ಅಗಲ, 22 ಅಂಗುಲ ಎತ್ತರ. ಅದಕ್ಕೆ ಸರಿಹೊಂದುವಂತೆ ಮಾಡಿಸಿದ ಹಲಗೆ ಮುಂದಿನ ಬಾಡಿಗೆ ಮನೆಗೂ ಒದಗುವ ಸಂಭವ ಹೆಚ್ಚು. ಆದರೂ ಕೊಯ್ಯುವ ಮೊದಲು ಟೇಪು ಹಿಡಿದು ಅಳೆಯುವುದು ಒಳ್ಳೆಯದು. ಹಳೇ ಮನೆಗಳಲ್ಲಿ ಎಡಬದಿಯ ಎತ್ತರಕ್ಕೂ ಬಲಬದಿಯ ಎತ್ತರಕ್ಕೂ ಅರ್ಧ ಅಂಗುಲ ವ್ಯತ್ಯಾಸ ಬರುವುದುಂಟು.